ನಕ್ಷತ್ರವಿದ್ದ ನಡುವಿನ ದರ್ಜೆ

ಅಪ್ಪನ ಟ್ರಂಪೆಟ್ಟಿನ ಅಗಲವಾದ ಬಾಯಂಚಿನ ಹತ್ತಿರ, ಹೆಬ್ಬೆರಳಗಲದ ಜಾಗದಲ್ಲಿ, ಮೂರು ಅಂಕಿ ಮತ್ತು ಒಂದು ನಕ್ಷತ್ರ ಕೊರೆದಿವೆ. ಹುಣಸೆಹಣ್ಣು ಹಚ್ಚಿ ತಿಕ್ಕುವವರೆಗೆ ಅವು ಅಲ್ಲಿರುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ತಿಕ್ಕಿದವಳು ಅವ್ವ. ಹಬ್ಬಕ್ಕೆಂದು ದೇವರ ಹಿತ್ತಾಳೆ ಸಾಮಾನು ತೊಳೆಯಲು ಕುಳಿತವಳು, ಅಪ್ಪ ಅಕ್ಕಿಆಲೂರಿನ ಸಂತೆಗೆ ಹೋಗಿದ್ದಾಗ ಇದನ್ನೂ ಬಿಚ್ಚಿ, ತಿಕ್ಕಿ, ಒಣಗಿಸಿ, ಜೋಡಿಸಿಟ್ಟಿದ್ದಳು. ಅಪ್ಪ ಬಂದು ಊದಿದರೆ ಸಪ್ಪಳವೇ ಇಲ್ಲ. ಮರುದಿನ ಶಿಗ್ಗಾಂವದಲ್ಲಿ ಮದುವೆಯ ಮೆರವಣಿಗೆಯಿತ್ತು. ಅವನ ಬ್ಯಾಂಡ್ ಸೆಟ್ಟಿನಲ್ಲಿ ಬೇರೆ ಟ್ರಂಪೆಟ್ ಇರಲಿಲ್ಲ.

"ಇದೇನು ದೇವರ ತಂಬಿಗಿ ಅಂತ ತಿಳದಿಯೇನು? ನಾಳೆ ಬೀಗರ ಮುಂದ ಬರೇ ಗಲ್ಲ ಉಬ್ಬಿಸಿ ನಿಲ್ಲಲೇನು?" ಎಂದ ಅಪ್ಪ.

"ಒಳಗ ಪಾಚಿ ಕಟ್ಟಿತ್ತರಿ. ಇಷ್ಟು ವರ್ಷ ಅದನ್ನ ಹೆಂಗ ಬಾಯಾಗ ಇಟಗೊಂಡಿದ್ರಿ?" ಎಂದಳು ಅವ್ವ.

ನಾನು ಆ ಅಂಕಿಗಳನ್ನು ಫೋನಿನಲ್ಲಿ ಹುಡುಕಿದೆ. ಯಾರೋ ಪರದೇಶದವರು ಈ ಮಾದರಿಯ ಇತಿಹಾಸವನ್ನೇ ಬರೆದಿಟ್ಟಿದ್ದರು. ಇದನ್ನು ತಯಾರಿಸಿದ ಕಂಪನಿ ಮೂರು ದರ್ಜೆಯ ಟ್ರಂಪೆಟ್ ಮಾಡುತ್ತಿತ್ತು. ಕಲಿಯುವ ಮಕ್ಕಳಿಗೆ ಅಗ್ಗದ್ದು, ದೊಡ್ಡ ಕಲಾವಿದರಿಗೆ ತುಟ್ಟಿಯದು, ಎರಡರ ನಡುವೆ ಇದು. ದಿನವೂ ಊದಿ ಹೊಟ್ಟೆ ಹೊರೆಯುವವರು ಇದನ್ನೇ ಕೊಳ್ಳುತ್ತಿದ್ದರಂತೆ. ನಕ್ಷತ್ರವಿದ್ದರೆ ಮೊದಮೊದಲಿನದು, ಆಮೇಲೆ ಹಿತ್ತಾಳೆ ತೆಳುವಾಯಿತು, ನಕ್ಷತ್ರವೂ ಹೋಯಿತು, ಕೊನೆಗೆ ಮಾದರಿಯೇ ನಿಂತಿತು.

ಓದಿ ಹೇಳಿದೆ. ಸವಣೂರಿನ ಹಳೆಯ ವಾದಕರೊಬ್ಬರಿಂದ ಕೊಂಡಾಗಿನಿಂದ ಇದು ಎಲ್ಲಕ್ಕಿಂತ ತುಟ್ಟಿಯದೆಂದೇ ಅಪ್ಪ ನಂಬಿದ್ದ.

"ನಡುವಿಂದೇನು?" ಎಂದು ಕೊರೆದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿ, "ಇರಲಿ, ನಕ್ಷತ್ರ ಐತಲ್ಲ," ಎಂದ.

ಆ ಬರಹದ ಕೆಳಗೆ ಒಂದು ಚಿತ್ರವಿತ್ತು. ಒತ್ತುವ ಗುಂಡಿಗಳ ಕೆಳಗಿನ ಮೂರು ಪಿಸ್ಟನ್ನುಗಳಿಗೆ ಊದುವ ಕಡೆಯಿಂದ ಒಂದು, ಎರಡು, ಮೂರು ಎಂದು ಅಂಕಿ ಕೊರೆದಿರುತ್ತದೆ. ಜಾಗ ತಪ್ಪಿದರೆ ಗಾಳಿ ದಾಟುವುದಿಲ್ಲ. ಅಪ್ಪನಿಗೆ ಈ ಅಂಕಿಗಳ ಅಗತ್ಯವೇ ಬಿದ್ದಿರಲಿಲ್ಲ. ಒಂದನ್ನು ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ಒಳಗಿಟ್ಟ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು ಅವನ ರೂಢಿ. ಅವ್ವ ಮೂರನ್ನೂ ಒಟ್ಟಿಗೆ ಬಿಸಿಲಿಗೆ ಇಟ್ಟಿದ್ದಳು. ತೆಗೆದು ನೋಡಿದೆ. ಎರಡು ಮತ್ತು ಮೂರು ಅದಲುಬದಲಾಗಿದ್ದವು. ಸರಿಯಾಗಿ ಕೂರಿಸಿ ಕೊಟ್ಟೆ.

ಅಪ್ಪ ಊದಿದ. ಕಟ್ಟೆಯ ಮೇಲಿದ್ದ ಕೋಳಿಗಳು ದಿಕ್ಕಾಪಾಲಾದವು.

"ದನಿ ಎಷ್ಟು ಸ್ವಚ್ಛ ಆಗೇತಿ ನೋಡ್ರಿ," ಎಂದಳು ಅವ್ವ. "ಎಲ್ಲಾ ಹುಣಸಿಹಣ್ಣಿನ ಗುಣ."

ಅಪ್ಪ ಊದುವುದನ್ನು ಬಿಟ್ಟು ನಕ್ಕ. "ನಾಳೆ ನೀನೂ ಬಾರವಾ," ಎಂದು ನನ್ನ ಕಡೆ ತಿರುಗಿದ. "ನಂಬರ್ ಗೊತ್ತಿರಾಕಿ ನೀನ."

ಮರುದಿನ ಬೆಳಿಗ್ಗೆ ಶಿಗ್ಗಾಂವದ ಬಸ್ಸಿನಲ್ಲಿ ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದ ಹೆಂಗಸು ಅದರ ಹೊಳಪು ನೋಡಿ, "ಭಾಳ ತುಟ್ಟೀದೇನವಾ?" ಎಂದಳು.

"ನಡುವಿಂದರಿ," ಎಂದು, ನಕ್ಷತ್ರವಿದ್ದ ಕಡೆಯನ್ನು ಅವಳಿಗೆ ಕಾಣುವಂತೆ ತಿರುಗಿಸಿ ಹಿಡಿದೆ.