ಬೆಟರ್ ಅಲ್ಲ, ಬೇಡ

ಕೊರೊನಾ ಗಲಾಟೆ ಮುಗಿದ ಎರಡನೇ ವರ್ಷ. ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ಟನ್ ಹತ್ತಿರ, ಮುದುಕರನ್ನು ನೋಡಿಕೊಳ್ಳುವ ಒಂದು ಹೋಮ್‌ನಲ್ಲಿ ನಾನು ಕಿಚನ್ ಹ್ಯಾಂಡ್ ಆಗಿದ್ದೆ. ಕಿಚನ್ ಹ್ಯಾಂಡ್ ಅಂದರೆ ಅಡುಗೆಯವಳಲ್ಲ. ತರಕಾರಿ ಹೆಚ್ಚುವುದು, ಟ್ರೇ ಜೋಡಿಸುವುದು, ವಾಪಸ್ ಬಂದ ಟ್ರೇ ತೊಳೆಯುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕುಂದಾಪುರದಿಂದ ಕುವೈತ್, ಅಲ್ಲಿಂದ ಇಲ್ಲಿಗೆ, ಎಲ್ಲ ಕಡೆ ಮಾಡಿದ್ದು ಇದೇ ಕೆಲಸ.

ಆ ಚಳಿಗಾಲದಲ್ಲಿ ಹದಿನಾಲ್ಕನೇ ರೂಮಿನ ಟ್ರೇ ಮೂರು ವಾರ ಹೋದ ಹಾಗೇ ವಾಪಸ್ ಬಂತು. ಪ್ಯೂರಿ ಊಟ. ನುಂಗಲು ಕಷ್ಟ ಇರುವವರಿಗೆ ಎಲ್ಲವನ್ನೂ ನುಣ್ಣಗೆ ರುಬ್ಬಿ ಕೊಡುತ್ತಾರೆ, ಅದು ಪ್ಯೂರಿ. ಕ್ಯಾರೆಟ್ ರುಬ್ಬಿ, ಅದನ್ನೇ ಅಚ್ಚಿಗೆ ಹಾಕಿ ಮತ್ತೆ ಕ್ಯಾರೆಟ್ ಆಕಾರ ಮಾಡುತ್ತಾರೆ. ದಿನಕ್ಕೆ ಮೂರು ಸಲ ಅದನ್ನು ಬಕೆಟ್ಟಿಗೆ ಕೆರೆದು ಹಾಕಿ ಟ್ರೇ ತೊಳೆದೆ. ಯಾರದು ಅಂತ ಕೇಳಲಿಲ್ಲ. ಕೇಳುವುದು ನನ್ನ ಕೆಲಸ ಅಲ್ಲ ಅಂದುಕೊಂಡೆ.

ಒಂದು ಮಧ್ಯಾಹ್ನ ಜನ ಕಡಿಮೆ ಇದ್ದರು, ಟ್ರಾಲಿ ತಳ್ಳಲು ನನ್ನನ್ನೇ ಕಳಿಸಿದರು. ಹದಿನಾಲ್ಕರಲ್ಲಿ ಜೆನ್ನಿ ಅನ್ನುವ ಕೇರರ್ ಚಮಚ ಹಿಡಿದು ಕೂತಿದ್ದಳು. "ಲಂಚ್, ಡಾರ್ಲ್?" ಅಂದಳು. ಹಾಸಿಗೆಯಲ್ಲಿದ್ದ ಮುದುಕರು ಸೊಟ್ಟಬಾಯಲ್ಲಿ "ಬೇಡ" ಅಂದರು. ಜೆನ್ನಿ ನನ್ನ ಕಡೆ ತಿರುಗಿ ನಕ್ಕಳು. ಪಾಪ, ದಿನಾ 'ಬೆಟರ್' ಅಂತಲೇ ಹೇಳುತ್ತಾರೆ, ಊಟ ಮಾತ್ರ ಸೇರುವುದಿಲ್ಲ ಅಂದಳು. ಚಾರ್ಟಿನಲ್ಲೂ ಹಾಗೇ ಬರೆದಿತ್ತು. ಹಿಂದಿನ ತಿಂಗಳು ಅರವತ್ತೊಂದು ಕೆಜಿ ಇದ್ದವರು ಐವತ್ತನಾಲ್ಕಕ್ಕೆ ಇಳಿದಿದ್ದರು.

"ಜೆನ್ನಿ, ಅವರು ಬೆಟರ್ ಅಂತಿಲ್ಲ. ನೋ ಅಂತಿದ್ದಾರೆ," ಅಂದೆ. ಅವಳು ಚಮಚ ಕೆಳಗಿಟ್ಟಳು.

"ಯಾಕೆ ಬೇಡ?" ಅಂತ ಮುದುಕರನ್ನು ಕನ್ನಡದಲ್ಲಿ ಕೇಳಿದೆ.

ನನ್ನನ್ನೇ ದಿಟ್ಟಿಸಿದರು. "ಯಾರಮ್ಮ ನೀನು?"

"ಅಡುಗೆಮನೆ ಲಿಲ್ಲಿ."

"ಇದನ್ನ ಮಾಡಿದ್ದು ನೀನೇನಾ?"

"ಇಲ್ಲ, ತೊಳೆಯೋದಷ್ಟೆ."

"ಸದ್ಯ. ನಾಯೀನೂ ಮೂಸಲ್ಲ."

ಉಳಿದದ್ದನ್ನು ಜೆನ್ನಿ ಹೊರಗೆ ಕರೆದು ಹೇಳಿದಳು. ಅವರು ಡಾಕ್ಟರ್ ನಂಜುಂಡಯ್ಯ. ನಲವತ್ತು ವರ್ಷ ಇದೇ ಊರಿನಲ್ಲಿ ಡಾಕ್ಟರಾಗಿದ್ದವರು. ಸ್ಟ್ರೋಕ್ ಆದ ಮೇಲೆ ಏನೋ ತೊದಲುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ತೊದಲು ಎಲ್ಲಿಂದ ಬಂತು? ಇಂಗ್ಲಿಷ್ ಹೋಗಿತ್ತು, ಕನ್ನಡ ಉಳಿದಿತ್ತು, ಅಷ್ಟೆ. ಅವರು ಆಸ್ಪತ್ರೆಯಲ್ಲಿದ್ದಾಗಲೇ ಹೆಂಡತಿ ಸರೋಜಮ್ಮ ತೀರಿಹೋಗಿದ್ದರು. ಚೇತರಿಸಿಕೊಳ್ಳುವ ತನಕ ಹೇಳಬೇಡಿ ಅಂತ ಮಗಳು ರೂಪಾ ಫೈಲಿನಲ್ಲಿ ಬರೆಸಿದ್ದಳು. ಅವಳು ಬ್ರಿಸ್ಬೇನಿನ ಟೂವಾಂಗ್‌ನಲ್ಲಿದ್ದಳು. ಅಪ್ಪ ಅಮ್ಮನನ್ನು ಕೇಳಿದರೆ ಏನು ಹೇಳುವುದು ಅಂತ ಹೆದರಿ ನರ್ಸ್‌ಗಳ ಹತ್ತಿರ ಮಾತ್ರ ಫೋನಿನಲ್ಲಿ ಮಾತಾಡುತ್ತಿದ್ದಳು. ನರ್ಸ್‌ಗಳು 'ಬೆಟರ್' ಅಂದರು, ಇವಳು ನಂಬಿದಳು.

ಶಿಫ್ಟ್ ಮುಗಿಸಿ ಮತ್ತೆ ಆ ರೂಮಿಗೆ ಹೋದೆ.

"ಸರೋಜನ ಊಟ ಆಯ್ತಾ?" ಅಂತ ಕೇಳಿದರು ಡಾಕ್ಟ್ರು. "ಅವಳು ಬರಲಿ, ಆಮೇಲೆ ನೋಡೋಣ."

ನನಗೆ ಸುಳ್ಳು ಹೇಳಲು ಬರುವುದಿಲ್ಲ ಅಂತಲ್ಲ, ಬರುತ್ತದೆ. ಮೂರು ವಾರ ಹಸಿದುಕೊಂಡು ಕಾದವರ ಮುಂದೆ ಹೇಳಲಿಲ್ಲ.

"ಅವರು ಬರಲ್ಲ ಡಾಕ್ಟ್ರೇ. ತೀರಿಹೋಗಿ ನಾಲ್ಕು ತಿಂಗಳಾಯ್ತು."

ಗೋಡೆ ಕಡೆ ತಿರುಗಿದರು. ಅತ್ತರು. ನಾನು ಅವರ ಮೂಗು ಒರೆಸಿದೆ. ಕೊನೆಗೆ ಅಂದರು, "ನಂಗೊತ್ತಿತ್ತು. ಅವಳಿದ್ದಿದ್ರೆ ಈ ಪೇಸ್ಟ್ ಮುಂದೆ ನನ್ನ ಬಿಟ್ಟು ಹೋಗ್ತಿದ್ಲಾ?" ಆಮೇಲೆ, "ಹಾಲುಬಾಯಿ ಮಾಡೋಕೆ ಬರುತ್ತಾ ನಿಂಗೆ?"

ಫೈಲಿನಲ್ಲಿ ಬೇಡ ಅಂದದ್ದನ್ನು ಹೇಳಿದ್ದಕ್ಕೆ ಮ್ಯಾನೇಜರ್ ನನಗೆ ವಾರ್ನಿಂಗ್ ಲೆಟರ್ ಕೊಟ್ಟಳು. ಸೈನ್ ಹಾಕಿದೆ. ಹಾಲುಬಾಯಿಗೆ ಒಪ್ಪಿಗೆ ಬೇಕಿತ್ತು. ಸ್ಪೀಚ್ ಪೆಥಾಲಜಿಸ್ಟ್ ಅಂತ ಇರುತ್ತಾರೆ, ಯಾರ ಗಂಟಲಿಗೆ ಏನು ಇಳಿಯುತ್ತದೆ ಅಂತ ನೋಡುವವರು. ರಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಮೂರು ಸಲ ಸೋಸಿ, ಬೆಲ್ಲ, ತೆಂಗಿನಹಾಲು ಹಾಕಿ ತಳ ಬಿಡುವ ತನಕ ತಿರುವಿದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಮಣ್ಣಿ ಅನ್ನುತ್ತಾರೆ. ಪೆಥಾಲಜಿಸ್ಟ್ ಚಮಚದಲ್ಲೆತ್ತಿ, ಓರೆ ಮಾಡಿ ನೋಡಿ ಪಾಸ್ ಮಾಡಿದಳು.

ಮೊದಲ ದಿನ ಮೂರು ಚಮಚ ತಿಂದರು. "ಏಲಕ್ಕಿ ಸಾಲ್ದು. ಸರೋಜ ಇನ್ನೂ ಚೆನ್ನಾಗಿ ಮಾಡ್ತಿದ್ಲು."

"ನಾನು ಸರೋಜ ಅಲ್ಲವಲ್ಲ, ಸುಮ್ನೆ ನುಂಗಿ," ಅಂದೆ. ನಕ್ಕರು. ಅಲ್ಲಿಂದ ಚಮಚಕ್ಕೊಂದು ಸರೋಜನ ಕತೆ.

ಆರನೇ ದಿನ ರೂಪಾ ಬಂದಳು. ಬಟ್ಟಲು ಅವಳ ಕೈಗೆ ಕೊಟ್ಟೆ. "ಅಮ್ಮ ಹೋದ್ಳಂತಲ್ಲ," ಅಂದರು ಡಾಕ್ಟ್ರು. "ಐ ಆಮ್ ಸಾರಿ, ಅಪ್ಪ," ಅಂದಳು ಅವಳು. ಅವರು ಚಮಚವನ್ನು ಅವಳ ಕಡೆಗೇ ತಳ್ಳಿದರು. "ನೀನೇನಾದ್ರೂ ತಿಂದ್ಯಾ? ತಿನ್ನು ಮೊದ್ಲು." ಒಂದೇ ಚಮಚದಲ್ಲಿ ಇಬ್ಬರೂ ತಿಂದರು. ಹಾಗೆ ತಿನ್ನಬಾರದು ಅಂತ ರೂಲ್ ಇದೆ. ನಾನು ಬಾಗಿಲು ಮುಚ್ಚಿಕೊಂಡು ಬಂದೆ.

ಹನ್ನೆರಡನೇ ದಿನ ಡಾಕ್ಟ್ರು ಹೋದರು. ಹಾಲುಬಾಯಿ ತಿಂದು ಬದುಕಿಕೊಂಡರು ಅಂತ ಬರೆಯಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ದೇಹ ಆಗಲೇ ಸೋತಿತ್ತು ಅಂದಳು ನರ್ಸ್. ಮೂರು ವಾರ ಮೊದಲೇ ಗೊತ್ತಾಗಿದ್ದರೆ? ಅಂತ ಕೇಳಿದೆ.

ಆ ಮೂರು ವಾರದಲ್ಲಿ ಅರವತ್ತಮೂರು ಟ್ರೇ ನನ್ನ ಕೈಯಿಂದಲೇ ಬಕೆಟ್ಟಿಗೆ ಹೋಗಿತ್ತು. ಜೆನ್ನಿಗೆ ಕನ್ನಡ ಬರುತ್ತಿರಲಿಲ್ಲ, ಅದು ಅವಳ ತಪ್ಪಲ್ಲ. ನನಗೆ ಬರುತ್ತಿತ್ತು.

ಆಮೇಲೆ ಒಂದೂವರೆ ವರ್ಷ ಅಲ್ಲೇ ಇದ್ದೆ. ತುಂಬಿದ ಟ್ರೇ ವಾಪಸ್ ಬಂದರೆ ನಲ್ಲಿ ನಿಲ್ಲಿಸಿ, ಅದನ್ನು ಹಿಡಿದುಕೊಂಡೇ ಯಾರದು ಅಂತ ನೋಡಲು ಹೋಗುತ್ತಿದ್ದೆ. ಎರಡನೇ ವಾರ್ನಿಂಗ್ ಲೆಟರ್ ಬಂದಿದ್ದು ಅದಕ್ಕೇ. ಅದಕ್ಕೂ ಸೈನ್ ಹಾಕಿದೆ, ಮತ್ತೆ ಹೋದೆ.