ಕಾರ್ಖಾನೆ ಸಾಲಿನ ಸಂಡಿಗೆ ಪಾರ್ವತಮ್ಮ

ಪಾಂಡವಪುರದ ಶಾಲೆಗೆ ವರ್ಗವಾಗಿ ಬಂದ ಮೇಷ್ಟರು ಸಕ್ಕರೆ ಕಾರ್ಖಾನೆಯ ಹಳೆಯ ಮನೆಸಾಲಿನಲ್ಲಿ ಬಾಡಿಗೆಗೆ ಇಳಿದರು. ಮರುದಿನ ಬಿಳಿ ಪಂಚೆಯೊಂದನ್ನು ಒಗೆದು ಬೀದಿಯ ತಂತಿಗೆ ಹಾಕಿ ಒಳಗೆ ಹೋದರು. ತಿರುಗಿ ನೋಡುವಷ್ಟರಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಅದನ್ನು ಸೆಳೆದುಕೊಂಡು ಜಗುಲಿ ಏರುತ್ತಿದ್ದರು.

"ಯಾರಮ್ಮ ನೀವು? ಅದು ನನ್ನ ಪಂಚೆ."

"ನಿಮ್ದೇಯ ಮೇಷ್ಟ್ರೇ, ನಾನೇನ್ ಉಟ್ಕತೀನಾ? ಚಿಮ್ಣಿ ಒಗೆ ಈ ಕಡೀಕೆ ತಿರುಗ್ತು. ಇನ್ನೊಂದ್ ಗಳಿಗೆ ಬುಟ್ಟಿದ್ರೆ ಕರೀ ಕಂಬ್ಳಿ ಆಗೋದು."

ಅವರೇ ಪಾರ್ವತಮ್ಮ. ಅವರ ಗಂಡ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದರು. ಆ ಸಾಲಿನ ಹೆಂಗಸರು ಬೆಳಿಗ್ಗೆ ಮೊದಲು ಚಿಮಣಿಯತ್ತ ನೋಡಿ, ಆಮೇಲೆ ಬಟ್ಟೆ ಹರವುತ್ತಿದ್ದರು. ಗಾಳಿ ತಿರುಗಿದರೆ ಮೊದಲು ಕಂಡವರು ಎಲ್ಲರ ಬಟ್ಟೆಯನ್ನೂ ಒಳಗೆ ತರಬೇಕು. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳುವ ಪದ್ಧತಿ ಇರಲಿಲ್ಲ.

ಕಾಲಾಂತರದಲ್ಲಿ ಪಾರ್ವತಮ್ಮನ ಗಂಡ ತೀರಿಕೊಂಡರು. ಅವರ ಕೆಲಸ ಮಗ ಧರ್ಮೇಂದ್ರನಿಗೆ ಸಿಕ್ಕಿತಾದರೂ ಸ್ವಲ್ಪ ದಿನದಲ್ಲೇ ಕಾರ್ಖಾನೆ ನಿಂತುಹೋಯಿತು. ಅವನು ಬೆಳ್ಳೂರು ಕ್ರಾಸಿನ ಹೋಟೆಲೊಂದಕ್ಕೆ ಸೇರಿ, ಅಲ್ಲಿಯೇ ಉಳಿದು, ಹಬ್ಬಕ್ಕಷ್ಟೇ ಮನೆಗೆ ಬರುವಂತಾಯಿತು.

ಹೊಗೆ ನಿಂತ ಮೇಲೆ ಸಾಲಿನ ಮೇಲಿನ ಆಕಾಶ ತಿಳಿಯಾಯಿತು. ಪಾರ್ವತಮ್ಮ ಅಕ್ಕಿ ಸಂಡಿಗೆ ಮಾಡಿ ಮಾರಲು ತೊಡಗಿದರು. ಹಳೆಯ ಬೀದಿಯ ಚಹರೆ ಕೆಡಬಾರದೆಂದು ಹೆಂಚು ತೆಗೆದು ತಾರಸಿ ಹಾಕಲು ಯಾರಿಗೂ ಪುರಸಭೆಯ ಒಪ್ಪಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಸಂಡಿಗೆಯೆಲ್ಲ ಬೀದಿಯಲ್ಲಿ ಸಾಲಾಗಿ ಹಾಕಿದ ಮಂಚಗಳ ಮೇಲೆಯೇ ಒಣಗಬೇಕಾಗಿತ್ತು. ಹಳೆಯ ಮನೆಗಳ ಫೋಟೋ ತೆಗೆಯಲು ಬಂದವರು ಸಂಡಿಗೆಯ ಫೋಟೋವನ್ನೂ ತೆಗೆದು, ಒಂದು ಪೊಟ್ಟಣ ಕೊಂಡು ಹೋಗುತ್ತಿದ್ದರು. ಗಂಜಾಂನ ಇಂದಿರಮ್ಮನವರ ಮನೆಗೆ ವರ್ಷವಿಡೀ ಪಾರ್ವತಮ್ಮನದೇ ಸಂಡಿಗೆ.

ಆದರೂ ಸಂಡಿಗೆ ಕೊಡಲು ಗಂಜಾಂಗೆ ಹೋದಾಗಲೆಲ್ಲ ಅವರು ಅಲ್ಲಿಯ ದೇವಿ ನಿಮಿಷಾಂಬೆಯ ಮುಂದೆ ಕೇಳಿಕೊಳ್ಳುತ್ತಿದ್ದುದು ಒಂದೇ: ಕಾರ್ಖಾನೆ ನಡೆಯಲಿ, ಮಗ ಮನೆಗೆ ಬರಲಿ.

ಅದೂ ಆಯಿತು. ಒಂದು ಬೇಸಿಗೆಯಲ್ಲಿ ಬಾಯ್ಲರಿಗೆ ಪರೀಕ್ಷೆಗೆಂದು ಬೆಂಕಿ ಹಾಕಿದರು. ಧರ್ಮೇಂದ್ರನನ್ನೂ ಕರೆಸಿಕೊಂಡರು. ಅದೇ ಬೆಳಿಗ್ಗೆ ಇಂದಿರಮ್ಮನವರ ಮಗಳು ಅಮೂಲ್ಯಾಳ ಮದುವೆಯ ಸಂಡಿಗೆ ಮಂಚಗಳ ತುಂಬ ಹರವಿತ್ತು. ಮದುವೆಗೆ ವಾರವಷ್ಟೇ ಉಳಿದಿತ್ತು. ಚಿಮಣಿಯಲ್ಲಿ ಹೊಗೆ ಕಂಡೊಡನೆ ಸಾಲಿಗೆ ಸಾಲೇ ಗೇಟಿನ ಬಳಿಗೆ ಓಡಿತು. ಪಾರ್ವತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಹಳ ಹೊತ್ತು ಚಿಮಣಿಯನ್ನೇ ನೋಡುತ್ತ ನಿಂತರು. ಹೊಗೆ ಯಾವ ಕಡೆಗೆ ಬಾಗಿತೆಂದು ಮಾತ್ರ ಅವರೂ ನೋಡಲಿಲ್ಲ, ಇನ್ನಾರೂ ನೋಡಲಿಲ್ಲ. ವರ್ಷಗಟ್ಟಲೆ ಬಿಟ್ಟುಹೋಗಿದ್ದ ಅಭ್ಯಾಸ.

ಹಿಂತಿರುಗಿದಾಗ ಹಸಿ ಸಂಡಿಗೆಯ ಮೇಲೆಲ್ಲ ಕರಿಯ ಚುಕ್ಕೆ ಅಂಟಿತ್ತು.

"ಜೀರ್ಗೆ ಅಂದ್ಬುಡವ್ವ," ಎಂದ ಧರ್ಮೇಂದ್ರ.

"ಜೀರ್ಗೆ ಹಲ್ಲಿಗೆ ಸಿಕ್ರೆ ಕರಕರ ಅಂದದೇನ್ಲಾ?"

ಪಕ್ಕದ ಮನೆಯ ಚಿಕ್ಕಬೋರಮ್ಮ ಬಿಡಲಿಲ್ಲ. "ಒಗೆ ಬರ್ಲಿ ಅಂತ ದೇವ್ರನ್ನ ಕೇಳ್ಕಂಡೋಳೂ ನೀನೇ, ಈಗ ತಲೆ ಮ್ಯಾಲೆ ಕೈ ಹೊತ್ತು ಕುಂತೋಳೂ ನೀನೇ. ಎರಡ್ರಲ್ಲಿ ಯಾವ್ದು ಬೇಕು ಯೋಳು."

"ಎರಡೂ ಬೇಕು ಕಣಕ್ಕ," ಎಂದರು ಪಾರ್ವತಮ್ಮ.

ಮಗ ಮನೆಗೆ ಬಂದನೆಂದು ಸಂಡಿಗೆ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮದುವೆಯ ಮನೆಯಲ್ಲಿ ಹೆಸರು ಕೆಟ್ಟರೆ ಮುಂದೆ ಕೊಳ್ಳುವವರೂ ಇರುವುದಿಲ್ಲ. ಹಾಳಾದ ಹಿಟ್ಟನ್ನೆಲ್ಲ ಬಾಚಿ ಚಿಕ್ಕಬೋರಮ್ಮನ ಎಮ್ಮೆಗೆ ಸುರಿದು, ಇಂದಿರಮ್ಮನವರಿಗೆ ಫೋನು ಮಾಡಿ ಇದ್ದುದನ್ನು ಇದ್ದ ಹಾಗೆ ಹೇಳಿದರು.

"ಮದುವೆ ಮನೆ ಪಾರ್ವತಮ್ಮ, ಸಂಡಿಗೆ ಇಲ್ಲದೆ ಎಲೆ ಹಾಕೋದು ಹೇಗೆ? ಅಕ್ಕಿ ನೆನೆಹಾಕಿಸಿರ್ತೀನಿ. ನಾಳೆ ಇಲ್ಲಿಗೇ ಬಂದ್ಬಿಡಿ. ನಮ್ಮ ತಾರಸಿ ಖಾಲಿ ಬಿದ್ದಿದೆ."

"ಕೋತಿ ಕಾಟ ಇಲ್ವ್ರಾ?"

"ಇದೆ. ಅದಕ್ಕೇ ಖಾಲಿ ಬಿದ್ದಿರೋದು."

ಪಾರ್ವತಮ್ಮ ಸಂಡಿಗೆ ಒತ್ತುವ ಒರಳನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಮೊದಲ ಬಸ್ಸಿಗೇ ಹೊರಟರು. ಮದುವೆಯ ಎಲೆಗೆ ಬೆಳ್ಳಗಿನ ಸಂಡಿಗೆಯೇ ಬಿತ್ತು.

ಆಮೇಲೆ ಕಾರ್ಖಾನೆಯ ಹೊಗೆ ನಿಲ್ಲಲಿಲ್ಲ. ಈಗ ಬಿಸಿಲುಗಾಲ ಬಂತೆಂದರೆ ಅವರ ವಾಸ ಹೆಚ್ಚಾಗಿ ಗಂಜಾಂನಲ್ಲಿಯೇ. ಹೊತ್ತು ಹುಟ್ಟುವ ಮೊದಲು ಹಿಟ್ಟು ಬೇಯಿಸಿ, ಒತ್ತಿ, ಮಧ್ಯಾಹ್ನವೆಲ್ಲ ಕೊಡೆ ಹಿಡಿದು, ಕೋಲು ಹಿಡಿದು ತಾರಸಿಯ ಮೂಲೆಯಲ್ಲಿ ಕೂರುತ್ತಾರೆ. ಹತ್ತಿರ ಬಂದ ಕೋತಿಗಳಿಗೆ ಪಾಂಡವಪುರದ ಬೈಗುಳ ಬೀಳುತ್ತದೆ. ಇಂದಿರಮ್ಮನವರು ಒಮ್ಮೊಮ್ಮೆ ಕಾಫಿ ತಂದು ಕೊಟ್ಟು, ತಾವೂ ಎರಡು ಸಾಲು ಒತ್ತುತ್ತಾರೆ. ಅವು ಸೊಟ್ಟಗಾದರೆ ಪಾರ್ವತಮ್ಮ ಅಳಿಸಿ ಮತ್ತೆ ಒತ್ತಿಸುತ್ತಾರೆ. ಅತ್ತ ಧರ್ಮೇಂದ್ರ ಪಾಳಿ ಮುಗಿಸಿ ಬಂದು ತಾನೇ ಅನ್ನ ಮಾಡಿಕೊಂಡು, ಸಾರು ಹುಳಿಯಾಯಿತೋ ಸಪ್ಪೆಯಾಯಿತೋ ಎಂದು ತಾಯಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಾನೆ.