ಹೊಗಳಿಕೆಗೆ ಪೊಲೀಸ್ ಕೇಸು

ಗೆಳೆಯರೇ, ಇವತ್ತು ಒಬ್ಬನನ್ನು ಹೊಗಳಲು ಹೋಗಿ ಬೈದುಬಿಟ್ಟೆ.

ಈ ಕೊಲ್ಲಿ ದೇಶದಲ್ಲಿ, ರಾಯ್ ಎಂಬಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಪಂಪೊಂದರ ತುಕ್ಕು ಹಿಡಿದ ನಟ್ಟು ಬೆಳಿಗ್ಗೆಯಿಂದ ಯಾರ ಕೈಗೂ ಜಗ್ಗಿರಲಿಲ್ಲ. ಥಾಯ್ಲೆಂಡಿನ ಸೋಮ್‌ಚಾಯ್ ಪಾನಾ ಹಿಡಿದು ಮುಕ್ಕಾಲು ಗಂಟೆ ಬಿಡದೆ ಕೂತು ಅದನ್ನು ಬಿಚ್ಚಿದ. ಅವನದು ಉಡದ ಪಟ್ಟು ಎನ್ನಬೇಕೆನಿಸಿತು. ಮೊಬೈಲಿನಲ್ಲಿ 'ನೀನು ಉಡ ಇದ್ದಂತೆ' ಎಂದು ಬರೆದು, ಥಾಯ್ ಭಾಷೆಗೆ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಓದಿಸಿದೆ.

ಸೋಮ್‌ಚಾಯ್ ಪಾನಾ ಕೆಳಗಿಟ್ಟ. ಮುಖ ಕೆಂಪಾಗಿತ್ತು. ತನ್ನ ಹರಕು ಹಿಂದಿಯಲ್ಲಿ, "ಭಾಯಿ, ನಾನೇನು ತಪ್ಪು ಮಾಡಿದೆ? ನಮ್ಮಲ್ಲಿ ಈ ಪ್ರಾಣಿಯ ಹೆಸರು ಬಹಳ ಕೆಟ್ಟ ಬೈಗುಳ. ಎದುರಿಗೆ ಅಂದರೆ ಪೊಲೀಸ್ ಕೇಸ್. ದಂಡ ಇದೆ, ಜೈಲೂ ಇದೆ" ಎಂದ.

ಎರಡು ವರ್ಷದಿಂದ ಒಂದೇ ಮೇಜಿನಲ್ಲಿ ಉಣ್ಣುವವರು ನಾವು. ನಮ್ಮ ಕಡೆ ಹಿಂದಿನವರು ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತುತ್ತಿದ್ದರಂತೆ, ಹಿಡಿದದ್ದನ್ನು ಬಿಡದವನನ್ನು ಅದಕ್ಕೇ ಹೀಗೆ ಹೊಗಳುತ್ತೇವೆ ಎಂದು ಕೈಸನ್ನೆ ಮಾಡಿ ವಿವರಿಸಿದೆ. ಅವನು ನಕ್ಕ.

"ಖಲಾಸ್, ಕೇಸ್ ವಾಪಸ್. ಆದರೆ ನಮ್ಮೂರಿಗೆ ಬಂದಾಗ ನಮ್ಮಪ್ಪನನ್ನು ಮಾತ್ರ ಹೊಗಳಬೇಡ."

ಸಂಜೆ ಫರ್ವಾನಿಯಾದ ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಚಹಾ ಸೋಸುತ್ತಲೇ ತೀರ್ಪು ಕೊಟ್ಟಳು: "ಇನ್ನ ಮ್ಯಾಲೆ ಯಾರನ್ನರ ಹೊಗಳೂದಿದ್ರ ಕನ್ನಡದಾಗ ಹೊಗಳ್ರಿ. ಅವರಿಗೂ ತಿಳಿಯೂದಿಲ್ಲ, ನಿಮಗೂ ಜೈಲಿಲ್ಲ."